ವಿಮಾನದ ಲೆಕ್ಕ, ಮನೆಯ ಲೆಕ್ಕ

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು. ದೂರ ಸುಮಾರು 14,000 ಕಿ.ಮೀ., ಹಿಡಿದ ಹೊತ್ತು ಹೆಚ್ಚು ಕಡಿಮೆ 17 ಗಂಟೆ, ದಾರಿ ಉತ್ತರ ಧ್ರುವದ ಮೇಲೆ. ಗೋಡೆಯ ನಕಾಶೆಯಲ್ಲಿ ಅದು ಸುತ್ತುದಾರಿಯಂತೆ ಕಾಣುತ್ತದೆ. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಹಿಡಿದು ಎಳೆದರೆ ಅದೇ ಹತ್ತಿರದ ದಾರಿ.

ದುಂಡಗಿನ ಭೂಮಿಯ ಮೇಲೆ ದೂರ ಅಳೆಯುವ ಈ ಗೀಳನ್ನು ನಮ್ಮ ಸೀಮೆಗೆ ತಂದವನು ವಿಲಿಯಂ ಲ್ಯಾಂಬ್ಟನ್. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿದ್ದ. ಕತ್ತಲಲ್ಲಿ ತಮ್ಮ ದಂಡು ಶತ್ರುವಿನ ಕಡೆಗೇ ಹೊರಟಿದೆಯೆಂದು ನಕ್ಷತ್ರ ನೋಡಿ ಎಚ್ಚರಿಸಿದವನು ಅವನೇ. ಮರುವರ್ಷ ಬೆಂಗಳೂರಿನಲ್ಲಿ ಸರಪಳಿ ಹಿಡಿದು ಅಳತೆ ಶುರು ಮಾಡಿದ.

ದೂರದ ಲೆಕ್ಕ ಅದಾದರೆ ಹೊತ್ತಿನ ಲೆಕ್ಕವೇ ಬೇರೆ. ಲ್ಯಾಂಬ್ಟನ್‌ಗೂ ಮೊದಲು ಟಿಪ್ಪುವಿನ ಮೂವರು ರಾಯಭಾರಿಗಳು 1787ರಲ್ಲಿ ಪುದುಚೇರಿಯಲ್ಲಿ ಹಡಗು ಹತ್ತಿ, ಫ್ರಾನ್ಸಿನ ತೂಲಾನ್ ಬಂದರು ಮುಟ್ಟಿದ್ದು 1788ರ ಜೂನ್‌ನಲ್ಲಿ. ಇದು ಬರೀ ಹಡಗಿನ ಲೆಕ್ಕ. ಬಂದರಿನವರೆಗಿನ ದಾರಿ ಇದರಲ್ಲಿಲ್ಲ.

ಈಗಲೂ ಟಿಕೆಟ್ಟಿನ ಲೆಕ್ಕ ಹಾಗೇ. ನಾಗಮಂಗಲದ ಹಳ್ಳಿಯೊಂದರ ಅವ್ವ “ಎಷ್ಟೊತ್ತು ಆಯ್ತದೆ ಮಗಾ?” ಅಂದರೆ ಅಮೆರಿಕದ ಮಗ ಹೇಳುವುದು ಆಕಾಶದ ಹೊತ್ತನ್ನು. ಮೂರು ಗಂಟೆ ಮುಂಚೆ ವಿಮಾನ ನಿಲ್ದಾಣದಲ್ಲಿರಬೇಕು. ಟ್ರಾಫಿಕ್ಕಿನ ಹೆದರಿಕೆಗೆ ಇನ್ನೆರಡು ಗಂಟೆ. ಮಧ್ಯರಾತ್ರಿಯ ವಿಮಾನಕ್ಕೆ ಮಧ್ಯಾಹ್ನದ ಊಟ ಮುಗಿಸಿಯೇ ಕಾರು ಹತ್ತುತ್ತಾರೆ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಶ್ರೀರಂಗಪಟ್ಟಣ, ಪಾಂಡವಪುರದವರನ್ನು ಬೇಗ ಕೆಂಗೇರಿ ಮುಟ್ಟಿಸುತ್ತದೆ, ನಿಜ. ಆದರೆ ವಿಮಾನ ನಿಲ್ದಾಣದ ದೇವನಹಳ್ಳಿ ಇರುವುದು ಬೆಂಗಳೂರಿನ ಆಚೆ ಬದಿಗೆ. ಹೆದ್ದಾರಿಯಲ್ಲಿ ಉಳಿಸಿದ್ದನ್ನು ಊರು ದಾಟುವಷ್ಟರಲ್ಲಿ ಕಳೆದುಕೊಳ್ಳಬೇಕು.

ಮೈಸೂರಿನ ಮಂಡಕಳ್ಳಿ ನಿಲ್ದಾಣ ಹತ್ತಿರವಲ್ಲವೇ ಎಂದು ಕೇಳಬಹುದು. 2010ರಲ್ಲಿ ಅದನ್ನು ಉದ್ಘಾಟಿಸಿದ್ದೂ ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯ ಯಡಿಯೂರಪ್ಪನವರೇ. ರನ್‌ವೇ ಮಾತ್ರ 1,740 ಮೀಟರ್. ಸಣ್ಣ ಎಟಿಆರ್ ವಿಮಾನಕ್ಕೆ ಸಾಕು, ದೊಡ್ಡದಕ್ಕೆ ಸಾಲದು. ಉದ್ದ ಮಾಡಲು ನಂಜನಗೂಡಿನ ರಸ್ತೆ, ರೈಲು ಹಳಿ ಅಡ್ಡ. ಆ ಕೆಲಸ ಮುಗಿದರೂ ಅಮೆರಿಕದ ವಿಮಾನ ಅಲ್ಲಿಂದ ಏಳುತ್ತದೆಂದು ನಾನಂತೂ ನಂಬಲಾರೆ.

ಅದರ ಬದಲು ಬಸ್ಸು ಕೇಳೋಣ. ಮೈಸೂರಿನಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಫ್ಲೈಬಸ್ ಇದೆ, ಆದರೆ ಕೆ.ಆರ್. ಪೇಟೆಯವರು ಅದಕ್ಕಾಗಿ ಹಿಂದಕ್ಕೆ ಹೋಗಬೇಕು. ಕೆ.ಆರ್. ಪೇಟೆಯಿಂದಲೇ ಹೊರಟು ನಾಗಮಂಗಲ, ಬೆಳ್ಳೂರು ಕ್ರಾಸ್, ನೆಲಮಂಗಲ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗುವ ಫ್ಲೈಬಸ್ಸೊಂದು ಬೇಕು. ಬೆಂಗಳೂರಿನ ಒಳಕ್ಕೆ ಹೋಗುವುದೇ ಬೇಡ. ಸಂಜೆ ಒಂದು, ಬೆಳಗಿನ ಜಾವ ಇಳಿದವರನ್ನು ಕರೆತರಲು ಒಂದು. ಲಗೇಜಿಗೆ ಜಾಗ ಧಾರಾಳವಾಗಿರಲಿ. ಬಾಣಂತನಕ್ಕೆ ಹೊರಟವರ ಸೂಟ್‌ಕೇಸಿನಲ್ಲಿ ರಾಗಿಹಿಟ್ಟೇ ಅರ್ಧ ಇರುತ್ತದೆ.