ನಾಲ್ಕನೇ ಟ್ಯಾಂಕ್ ಬೆಟಾಲಿಯನ್ (ಅಮೆರಿಕದ ಮರೀನ್ ಪಡೆ)

ನಾಲ್ಕನೇ ಟ್ಯಾಂಕ್ ಬೆಟಾಲಿಯನ್ ಅಮೆರಿಕ ಸಂಯುಕ್ತ ಸಂಸ್ಥಾನದ ಮರೀನ್ ಪಡೆಯ ಮೀಸಲು ವಿಭಾಗಕ್ಕೆ ಸೇರಿದ್ದ ಟ್ಯಾಂಕ್ ಘಟಕವಾಗಿತ್ತು. 1943ರಲ್ಲಿ ಸ್ಥಾಪನೆಗೊಂಡ ಈ ಘಟಕವು 1991ರ ಕೊಲ್ಲಿ ಯುದ್ಧದ ಒಂದು ಕಾಳಗದಿಂದ ಹೆಸರಾಗಿದೆ. ಮೀಸಲು ಸೈನಿಕರು ಆಧುನಿಕ ಟ್ಯಾಂಕ್ ಯುದ್ಧಕ್ಕೆ ಸಮರ್ಥರೇ ಎಂಬ ಪ್ರಶ್ನೆಗೆ ಇದರ ಇತಿಹಾಸವು ಒಂದು ಮುಖ್ಯ ನಿದರ್ಶನವಾಗಿದೆ.

ಎರಡನೆಯ ಮಹಾಯುದ್ಧ

ಬೆಟಾಲಿಯನ್ನು ಪೆಸಿಫಿಕ್ ಸಾಗರದ ರೋಯಿ-ನಮೂರ್, ಸೈಪಾನ್, ಟಿನಿಯನ್ ಮತ್ತು ಇವೋ ಜಿಮಾ ದ್ವೀಪಗಳಲ್ಲಿ ಹೋರಾಡಿತು. ಜಪಾನಿ ಸೈನಿಕರು ಹತ್ತಿರ ಬಂದು ಅಂಟಿಸುತ್ತಿದ್ದ ಅಯಸ್ಕಾಂತದ ಸ್ಫೋಟಕಗಳನ್ನು ತಡೆಯಲು ಇದರ ಕೆಲವು ಶರ್ಮನ್ ಟ್ಯಾಂಕ್‌ಗಳ ಪಕ್ಕಗಳಿಗೆ ಮರದ ಹಲಗೆಗಳನ್ನು ಹೊದಿಸಲಾಗಿತ್ತು. ಯುದ್ಧಾನಂತರ ವಿಸರ್ಜಿತವಾದ ಘಟಕವನ್ನು 1960ರ ದಶಕದಲ್ಲಿ ಮೀಸಲು ಘಟಕವಾಗಿ ಪುನಃ ರಚಿಸಲಾಯಿತು.

ಕೊಲ್ಲಿ ಯುದ್ಧ

ಮೀಸಲು ಸೈನಿಕರು ಓದು, ಉದ್ಯೋಗಗಳಲ್ಲಿ ತೊಡಗಿದ್ದು, ಸಾಮಾನ್ಯವಾಗಿ ತಿಂಗಳಿಗೊಂದು ವಾರಾಂತ್ಯ ಮತ್ತು ವರ್ಷಕ್ಕೆ ಎರಡು ವಾರ ತರಬೇತಿ ಪಡೆಯುವವರು. ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿದ್ದ ಬ್ರಾವೋ ಕಂಪನಿಯು ಹಳೆಯ ಎಂ60ಎ1 ಟ್ಯಾಂಕ್‌ಗಳನ್ನು ಬಳಸುತ್ತಿತ್ತು. ಯುದ್ಧಕ್ಕೆ ಕರೆ ಬಂದಾಗ ಅದು ಕೆಲವೇ ವಾರಗಳಲ್ಲಿ ಎಂ1ಎ1 ಏಬ್ರಾಮ್ಸ್ ಟ್ಯಾಂಕ್‌ನ ಬಳಕೆಯನ್ನು ಕಲಿಯಬೇಕಾಯಿತು.

1991ರ ಫೆಬ್ರವರಿ 25ರ ಮುಂಜಾನೆ ಕುವೈತ್‌ನಲ್ಲಿ ಇರಾಕಿ ಟ್ಯಾಂಕ್‌ಗಳ ಸಾಲು ಕಂಪನಿಗೆ ಎದುರಾಯಿತು. ಸುಮಾರು 90 ಸೆಕೆಂಡುಗಳಲ್ಲಿ 35 ಟ್ಯಾಂಕ್‌ಗಳ ಪೈಕಿ 34 ನಾಶವಾದವು. ಯುದ್ಧ ಮುಗಿಯುವ ಹೊತ್ತಿಗೆ ಕಂಪನಿಯು ನಾಶಪಡಿಸಿದ ಟ್ಯಾಂಕ್‌ಗಳ ಸಂಖ್ಯೆ 59ಕ್ಕೆ ಏರಿತ್ತು.

ವಿಶ್ಲೇಷಣೆ

ಈ ಗೆಲುವಿಗೆ ಹಲವು ಕಾರಣಗಳಿವೆ. ಏಬ್ರಾಮ್ಸ್‌ನ ಶಾಖಗ್ರಾಹಿ ವೀಕ್ಷಣಾ ಸಾಧನವು ಕತ್ತಲೆಯಲ್ಲಿಯೂ ಹೊಗೆಯ ನಡುವೆಯೂ ಶತ್ರುವನ್ನು ಗುರುತಿಸಬಲ್ಲದು. ಇರಾಕಿ ಸೈನಿಕರಿಗೆ ಅಂತಹ ಅನುಕೂಲವಿರಲಿಲ್ಲ. ಜನವರಿ 17ರಿಂದ ನಡೆದ ವಾಯುದಾಳಿಯೂ ಇರಾಕಿ ಸೇನೆಯನ್ನು ದುರ್ಬಲಗೊಳಿಸಿತ್ತು. ಆದ್ದರಿಂದ ಇದನ್ನು ಕೇವಲ ಮೀಸಲು ಸೈನಿಕರ ಪರಾಕ್ರಮವೆಂದು ಭಾವಿಸುವುದು ಸರಿಯಲ್ಲ. ಆದರೂ ಹೊಸ ಯಂತ್ರವನ್ನು ಅಷ್ಟು ಬೇಗ ಕಲಿಯಲು ಸಾಧ್ಯವಾದದ್ದು, ಗುರಿಯಿಡುವ, ಗುಂಡು ತುಂಬುವ, ಒಂದೇ ತಂಡವಾಗಿ ವರ್ತಿಸುವ ಅಭ್ಯಾಸ ಅವರಲ್ಲಿ ಮೊದಲೇ ಇದ್ದುದರಿಂದ.

ಟ್ಯಾಂಕ್‌ಗಳ ತ್ಯಾಗ

2020ರ ಮಾರ್ಚ್‌ನಲ್ಲಿ, ಜನರಲ್ ಡೇವಿಡ್ ಬರ್ಗರ್ ಅವರ ನೇತೃತ್ವದಲ್ಲಿ, ಮರೀನ್ ಪಡೆಯು ತನ್ನ ಎಲ್ಲ ಟ್ಯಾಂಕ್‌ಗಳನ್ನು ಕೈಬಿಡುವ ಯೋಜನೆಯನ್ನು ಪ್ರಕಟಿಸಿತು. ಪೆಸಿಫಿಕ್ ದ್ವೀಪಗಳಲ್ಲಿ ಚೀನಾದೊಡನೆ ಸಂಭವಿಸಬಹುದಾದ ಸಂಘರ್ಷಕ್ಕೆ ಟ್ಯಾಂಕ್‌ಗಳಿಗಿಂತ ಕ್ಷಿಪಣಿಗಳು ಮತ್ತು ಮಾನವರಹಿತ ಸಾಧನಗಳು ಸೂಕ್ತವೆಂಬುದು ಇದರ ಹಿಂದಿನ ವಾದ. ಅಗತ್ಯಬಿದ್ದರೆ ಭೂಸೇನೆಯ ಟ್ಯಾಂಕ್‌ಗಳನ್ನು ಅವಲಂಬಿಸಬಹುದೆಂದೂ ಭಾವಿಸಲಾಯಿತು. ಹಲವು ನಿವೃತ್ತ ಮರೀನ್ ಜನರಲ್‌ಗಳು ಇದನ್ನು ವಿರೋಧಿಸಿದರು.

2022ರಲ್ಲಿ ಆರಂಭವಾದ ಉಕ್ರೇನ್ ಯುದ್ಧವು ಎರಡೂ ಪಕ್ಷಗಳಿಗೆ ಆಧಾರ ಒದಗಿಸಿದೆ. ಡ್ರೋನ್ ಮತ್ತು ಕ್ಷಿಪಣಿಗಳಿಂದ ಅಪಾರ ಸಂಖ್ಯೆಯ ಟ್ಯಾಂಕ್‌ಗಳು ನಾಶವಾಗಿವೆ. ಆದರೂ ಉಕ್ರೇನ್ ಟ್ಯಾಂಕ್‌ಗಳಿಗಾಗಿ ಬೇಡಿಕೆಯಿಟ್ಟಿತು, 2023ರ ಜನವರಿಯಲ್ಲಿ ಅಮೆರಿಕವು 31 ಏಬ್ರಾಮ್ಸ್ ನೀಡುವುದಾಗಿ ಘೋಷಿಸಿತು. ಟ್ಯಾಂಕ್‌ಗಳನ್ನು ಮತ್ತೆ ಪಡೆಯಬಹುದು. ಆದರೆ ವಾರಾಂತ್ಯಗಳ ಅಭ್ಯಾಸದಿಂದ ವರ್ಷಗಟ್ಟಲೆ ಬೆಳೆದ ಟ್ಯಾಂಕ್ ತಂಡಗಳು ಒಮ್ಮೆ ಚದುರಿದರೆ, 1991ರಂತೆ ಕೆಲವೇ ವಾರಗಳಲ್ಲಿ ಸಜ್ಜುಗೊಳಿಸಲು ತಳಹದಿಯೇ ಉಳಿದಿರುವುದಿಲ್ಲ.