ನಮ್ಮವರು ಮರಳಿದ ಮೇಲೆ ಸುಡಾನ್

2023ರ ಏಪ್ರಿಲ್ 15ರಂದು ಸುಡಾನ್ ದೇಶದ ಸೇನೆಗೂ ಆರ್.ಎಸ್.ಎಫ್. ಎಂಬ ಅರೆಸೇನಾ ಪಡೆಗೂ ಯುದ್ಧ ಹೊತ್ತಿಕೊಂಡಾಗ, ಗಿಡಮೂಲಿಕೆ ತೈಲ ಮಾರಲು ಹೋಗಿದ್ದ ಶಿವಮೊಗ್ಗ, ದಾವಣಗೆರೆ, ಮೈಸೂರು ಜಿಲ್ಲೆಗಳ ಹಕ್ಕಿಪಿಕ್ಕಿ ಬಂಧುಗಳು ಅಲ್ಲಿ ಸಿಲುಕಿದರು. ಅವರಲ್ಲಿ ಹಲವರಿದ್ದುದು ಡಾರ್ಫುರ್ ಪ್ರಾಂತ್ಯದ ಎಲ್ ಫಾಶೆರ್ ನಗರದಲ್ಲಿ. ಕೇಂದ್ರ ಸರ್ಕಾರದ 'ಆಪರೇಷನ್ ಕಾವೇರಿ' 3,862 ಮಂದಿಯನ್ನು ಪಾರುಮಾಡಿತು. ದೇವರಿಗೆ ಸ್ತೋತ್ರ. ಆ ಕಾರ್ಯಾಚರಣೆ ಮೇ 5ರಂದು ಮುಗಿಯಿತು. ಮೇ 10ಕ್ಕೆ ನಮ್ಮಲ್ಲಿ ವಿಧಾನಸಭಾ ಚುನಾವಣೆ. ಸುಡಾನ್ ನಮ್ಮ ಮಾತುಕತೆಯಿಂದ ಅಂದೇ ಮರೆಯಾಯಿತೆನ್ನಬೇಕು.

ಆದರೆ ಎಲ್ ಫಾಶೆರ್ ಅಲ್ಲಿಯೇ ಉಳಿಯಿತು. 2007ರಲ್ಲಿ ವಿಶ್ವಸಂಸ್ಥೆಯೂ ಆಫ್ರಿಕಾ ಒಕ್ಕೂಟವೂ ಸೇರಿ ಸುಮಾರು 26,000 ಯೋಧರು ಹಾಗೂ ಪೊಲೀಸರ ಶಾಂತಿಪಡೆಗೆ ಮಂಜೂರಾತಿ ನೀಡಿದಾಗ ಅದರ ಕೇಂದ್ರ ಕಚೇರಿ ಇದೇ ನಗರದಲ್ಲಿತ್ತು. 2020ರ ಡಿಸೆಂಬರ್ 31ಕ್ಕೆ ಪಡೆಯ ಅವಧಿ ಮುಗಿಯಿತು. 2024ರಲ್ಲಿ ನಗರಕ್ಕೆ ಮುತ್ತಿಗೆ ಬಿದ್ದಿತು. ಮುತ್ತಿಗೆ ನಿಲ್ಲಿಸಬೇಕೆಂದು ಭದ್ರತಾ ಮಂಡಳಿ ಆ ಜೂನ್‌ನಲ್ಲಿ ನಿರ್ಣಯ ಮಾಡಿತು. ಯಾರೂ ಕೇಳಲಿಲ್ಲ. 2025ರ ಅಕ್ಟೋಬರ್ 26ರಂದು ನಗರ ಆರ್.ಎಸ್.ಎಫ್. ವಶವಾಯಿತು, ಕೊಲೆ, ಅತ್ಯಾಚಾರಗಳ ವರದಿಗಳು ಹೊರಬಂದವು. ಸಂತ ಜೋಸೆಫಿನ್ ಬಕಿತಾ ಅವರು ಹುಟ್ಟಿ, ಬಾಲ್ಯದಲ್ಲಿಯೇ ಗುಲಾಮಳಾಗಿ ಮಾರಾಟವಾದ ನಾಡು ಇದೇ ಡಾರ್ಫುರ್ ಎಂಬುದು ನಮ್ಮ ಕುಟುಂಬಗಳಿಗೆ ನೆನಪಿರಲಿ.

ಕಾರಣವನ್ನು ಮುಟ್ಟದೆ ಕಾರ್ಯವನ್ನು ತಡೆಯಲಾಗದು ಎಂಬುದು ತತ್ವಶಾಸ್ತ್ರದ ಮೊದಲ ಪಾಠ. ಅದಿರು ಲಾರಿಗಳ ಕೆಂಧೂಳು ಕುಡಿದ ಪಾಪಿನಾಯಕನಹಳ್ಳಿ, ಸಂಡೂರು ಕಡೆಯವರಿಗೆ ಇದನ್ನು ಶಾಸ್ತ್ರ ಓದಿಯೇ ತಿಳಿಯಬೇಕಾಗಿಲ್ಲ. ದೂರದ ಚೀನಾದಲ್ಲಿ ಬೆಲೆ ಏರಿದರೆ ಇಲ್ಲಿನ ಬೆಟ್ಟ ಕರಗುತ್ತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆದ ಮೇಲಲ್ಲವೇ ಲೂಟಿಗೆ ಕಡಿವಾಣ ಬಿದ್ದುದು? ಸುಡಾನಿನಲ್ಲಿ ಅದಿರಿನ ಸ್ಥಾನದಲ್ಲಿ ಬಂಗಾರವಿದೆ. ಅದರ ಬಹುಪಾಲು ಸಂಯುಕ್ತ ಅರಬ್ ಸಂಸ್ಥಾನದ ಮಾರುಕಟ್ಟೆ ಸೇರುತ್ತದೆ. ಆ ಹಣ ಎರಡೂ ಪಡೆಗಳನ್ನು ಸಾಕುತ್ತದೆ. ಮದುವೆಗೆ ದುಬೈ ಚಿನ್ನ ತಂದೆವೆಂದು ಹಿಗ್ಗುವ ನಾವು, ಅದು ಯಾವ ನೆಲದ್ದೆಂದು ಎಂದಾದರೂ ವಿಚಾರಿಸಿದ್ದೇವೆಯೇ? 2004ರಿಂದ ಜಾರಿಯಲ್ಲಿರುವ ವಿಶ್ವಸಂಸ್ಥೆಯ ಶಸ್ತ್ರಾಸ್ತ್ರ ನಿಷೇಧವಾದರೂ ಡಾರ್ಫುರ್‌ಗೆ ಮಾತ್ರ ಅನ್ವಯಿಸುತ್ತದೆ. ದೇಶದ ಉಳಿದ ಬಾಗಿಲುಗಳೆಲ್ಲ ತೆರೆದೇ ಇವೆ. ಇತ್ತ ಒಂದು ಕೋಟಿಗೂ ಹೆಚ್ಚು ಜನ ಮನೆ ತೊರೆದಿದ್ದರೂ, 2025ರಲ್ಲಿ ವಿಶ್ವಸಂಸ್ಥೆ ಕೇಳಿದ ನೆರವಿನ ಅರ್ಧದಷ್ಟೂ ಕೂಡಿಬರಲಿಲ್ಲ. ಬಂಗಾರಕ್ಕೆ ಸಿಗುವ ಹಣ ರೊಟ್ಟಿಗೆ ಸಿಗದು!

ನಮ್ಮಲ್ಲೇ ಬಡತನವಿರುವಾಗ ಸುಡಾನಿನ ಚಿಂತೆಯೇಕೆ ಎಂದು ಕೆಲವರು ಕೇಳಬಹುದು. ಆ ಬಡತನವೇ ಅಲ್ಲವೇ ಹಕ್ಕಿಪಿಕ್ಕಿಗಳನ್ನು ಎಲ್ ಫಾಶೆರ್‌ವರೆಗೆ ಅಟ್ಟಿದ್ದು?

ನೆರೆಯ ದಕ್ಷಿಣ ಸುಡಾನಿನ ಶಾಂತಿಪಡೆಯಲ್ಲಿ ಭಾರತದ ಯೋಧರು ವರ್ಷಗಳಿಂದ ದುಡಿದಿದ್ದಾರೆ. ಆದ್ದರಿಂದ ನಮ್ಮ ಸರ್ಕಾರದ ಮಾತಿಗೆ ಅಲ್ಲಿ ತೂಕವುಂಟು. ನಿಷೇಧವನ್ನು ಇಡೀ ಸುಡಾನಿಗೆ ವಿಸ್ತರಿಸಬೇಕೆಂದೂ, ಬಂಗಾರದ ಮೂಲವನ್ನು ವ್ಯಾಪಾರಿಗಳು ತೋರಿಸಬೇಕೆಂದೂ ಭಾರತ ದನಿಯೆತ್ತಬೇಕು. ಇದನ್ನು ಕೋರಿ ಪ್ರತಿಯೊಂದು ಧರ್ಮಕೇಂದ್ರದ ಕುಟುಂಬಗಳು ತಮ್ಮ ಲೋಕಸಭಾ ಸದಸ್ಯರಿಗೆ ಒಂದು ಪತ್ರ ಬರೆಯಲಿ. ಭಾನುವಾರದ ಬಲಿಪೂಜೆಯ ನಂತರ ಸಹಿ ಹಾಕಲು ಹತ್ತು ನಿಮಿಷ ಸಾಕು.