ನಾಟಕದಲ್ಲಿ ಚಪ್ಪಾಳೆ, ಓಣಿಯಲ್ಲಿ ಬಡಿಗೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ನಮ್ಮ ಮಂದಿಗೆ ನಾಟಕದ ಹುಚ್ಚು ಹೊಸದಲ್ಲ. ಹಗಲೆಲ್ಲ ಗಿರಣಿಯಲ್ಲಿ ಹತ್ತಿಯ ಧೂಳು ಕುಡಿದವರು, ಪೇಟೆಯಲ್ಲಿ ಮೆಣಸಿನಕಾಯಿಯ ಘಾಟು ಉಂಡವರು ಜಾತ್ರೆಯ ರಾತ್ರಿ ನಾಟಕಕ್ಕೆ ಕೂಡುತ್ತೇವೆ. ಹಗೆತನದ ಎರಡು ಮನೆತನ. ಈ ಕೋಟೆಯ ಕುವರ, ಆ ಕೋಟೆಯ ಕುವರಿ. ನಡುವೆ ಕತ್ತಿ ಹಿರಿದ ತಂದೆಯರು. ಪ್ರೇಮಿಗಳು ಸತ್ತರೆ ಕಣ್ಣೀರಿಡುತ್ತೇವೆ, ಕೂಡಿದರೆ ಚಪ್ಪಾಳೆ ತಟ್ಟುತ್ತೇವೆ. ಆದರೆ ನಮ್ಮ ಓಣಿಯ ಹುಡುಗಿ ಬೇರೆ ಜಾತಿಯ ಹುಡುಗನನ್ನು ಮೆಚ್ಚಿದಳೆಂದರೆ ಅದೇ ಕೈಗಳು ಬಡಿಗೆ ಹುಡುಕುತ್ತವೆ. ಇದೆಂಥ ನ್ಯಾಯ?

ಇಂಥ ಕಥೆಗಳು ತಪ್ಪನ್ನೆಲ್ಲ ಇಬ್ಬರು ತಂದೆಯರ ಸಿಟ್ಟಿನ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುತ್ತವೆ. ನಮ್ಮ ನಾಡಿನ ಕಥೆ ಬೇರೆ. 12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಲಗ್ನವಾಯಿತೆಂದು ಶರಣ ಪರಂಪರೆ ಹೇಳುತ್ತದೆ. ಅಲ್ಲಿ ಮನೆತನಗಳ ಹಗೆಯಿರಲಿಲ್ಲ. ಬೀಗರಿಬ್ಬರೂ ಮನಸಾರೆ ಒಪ್ಪಿದ್ದರು. ಆದರೂ ಬಿಜ್ಜಳನ ಆಳಿಕೆ ಆ ತಂದೆಯರನ್ನೇ ಕೊಲ್ಲಿಸಿತು. ಏಕೆ? ಕೆರ ಹೊಲಿಯುವವನ ಮಗ ಮೇಲಿನವರ ಅಳಿಯನಾದರೆ, ನಾಳೆ ಅವನಿಂದ ಬಿಟ್ಟಿ ದುಡಿಮೆ ಕೇಳುವ ಬಾಯಿ ಯಾರಿಗಿದ್ದೀತು? ಪೆಟ್ಟು ಬಿದ್ದದ್ದು ಬರೀ ಪ್ರೀತಿಗಲ್ಲ, ಸಮಾನತೆಗೆ.

ಆ ಕಾಲದ ವಚನಕಾರ ಅಂಬಿಗರ ಚೌಡಯ್ಯನವರ ಹೆಸರು ನಮ್ಮ ರಾಣೆಬೆನ್ನೂರು ತಾಲೂಕಿನ ಚೌಡದಾನಪುರದೊಂದಿಗೆ ಬೆಸೆದಿದೆ. ನಮ್ಮ ಜಿಲ್ಲೆಯದೇ ಅಬಲೂರಿನ ಸರ್ವಜ್ಞನ ತಂದೆ ಮಾಸೂರಿನ ಬ್ರಾಹ್ಮಣ ಬಸವರಸ, ತಾಯಿ ಕುಂಬಾರ ಮಾಳಿ ಎಂಬುದು ಐತಿಹ್ಯ. ಅವನ ತ್ರಿಪದಿಗಳನ್ನು ಬಾಯಿಪಾಠ ಮಾಡುವ ನಾವು ಅಂಥ ಕೂಟವನ್ನು ಮಾತ್ರ ಸಹಿಸಲಾರೆವು!

ಅಂದು ಮನೆಯವರು ಒಪ್ಪಿದರು, ಅರಸೊತ್ತಿಗೆ ಒಪ್ಪಲಿಲ್ಲ. ಇಂದು ಕಾನೂನು ಒಪ್ಪಿದೆ, ಓಣಿ ಒಪ್ಪುತ್ತಿಲ್ಲ. 1954ರ ವಿಶೇಷ ವಿವಾಹ ಕಾಯಿದೆಯಂತೆ 21 ತುಂಬಿದ ಗಂಡು, 18 ತುಂಬಿದ ಹೆಣ್ಣು ಜಾತಿ-ಧರ್ಮ ನೋಡದೆ ಮದುವೆಯಾಗಬಹುದು. ವಯಸ್ಕರಿಬ್ಬರು ಮೆಚ್ಚಿ ಮದುವೆಯಾಗಲು ಮನೆತನದ, ಜಾತಿಯ ಒಪ್ಪಿಗೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟು 2018ರ ಮಾರ್ಚ್ 27ರಂದು ಶಕ್ತಿವಾಹಿನಿ ಮೊಕದ್ದಮೆಯಲ್ಲಿ ಸಾರಿದೆ. ಆದರೆ ಆ ಕಾಯಿದೆಯ ಮದುವೆಗೆ 30 ದಿನ ಮೊದಲೇ ನೋಟೀಸು ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ. ಆ 30 ದಿನಗಳೇ ಪ್ರೇಮಿಗಳಿಗೆ ಗಂಡಾಂತರ.

ಗಿರಣಿಯ ಬಂಧುಗಳೇ, ಒಂದೇ ಯಂತ್ರದ ಮುಂದೆ ಬೆವರು ಸುರಿಸುವವರು ಕೂಲಿ ಕೇಳುವಾಗ ಒಂದು, ಬೀಗತನಕ್ಕೆ ಬೇರೆ ಬೇರೆ ಎಂದರೆ ಧಣಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಅಂಗಡಿಕಾರ ಮಿತ್ರರೇ, ಊರು ದೂರವಿಟ್ಟ ಮನೆಗೆ ನೀವು ಅಕ್ಕಿ-ಬೇಳೆ ತೂಗಿಕೊಟ್ಟರೆ ಬಹಿಷ್ಕಾರದ ಅರ್ಧ ಬಲ ಅಲ್ಲೇ ಮುರಿದೀತು. ಆ ಮದುವೆಗೆ ಕಾಯಿದೆ ಮೂವರು ಸಾಕ್ಷಿಗಳನ್ನು ಕೇಳುತ್ತದೆ. ಆ ಮೂರು ರುಜುಗಳು ನಮ್ಮವರವೇ ಆಗಿರಲಿ.